ಹತ್ತೊಂಬತ್ತನೇ ಮಹಡಿಯ ಜೊತೆಗಾರ

ಕರಗಂಡ ನಗರದ ಬಸ್ ಡಿಪೋದ ಗುಮಾಸ್ತ ದೋಸ್‌ಬೋಲ್ ಆ ಶನಿವಾರ ಮಾಡಿದ ತಪ್ಪು ಒಂದೇ: ಅಂಚೆಯಲ್ಲಿ ಬಂದ ಪೊಟ್ಟಣವನ್ನು ಮನೆ ಸೇರುವವರೆಗೆ ತಾಳದೆ ಮೆಟ್ಟಿಲ ಮೇಲೆಯೇ ಬಿಚ್ಚಿದ.

ಒಳಗಿದ್ದದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಕರಿಯ ಅಡಾಪ್ಟರ್. ಅವನ ಬಾಲ್ಯದ ವಿಡಿಯೋ ಗೇಮ್ ಪೆಟ್ಟಿಗೆ ಇನ್ನೂ ಗಟ್ಟಿಮುಟ್ಟಾಗಿತ್ತು, ಆದರೆ ಅದರ ಕಂಟ್ರೋಲರುಗಳ ವೈರನ್ನು ಇಲಿಗಳು ತಿಂದು ಮುಗಿಸಿದ್ದವು. ಈಗಿನ ವೈರಿಲ್ಲದ ಕಂಟ್ರೋಲರುಗಳೋ ಹಳೆಯ ಪೆಟ್ಟಿಗೆಯತ್ತ ತಿರುಗಿಯೂ ನೋಡುವುದಿಲ್ಲ. ಎರಡೂ ಕಡೆಯವರನ್ನು ಮಾತಿಗೆ ಕೂರಿಸುವ ಮದುವೆ ದಲ್ಲಾಳಿಯೇ ಈ ಅಡಾಪ್ಟರ್.

ಅವಸರಕ್ಕೆ ಕಾರಣವಿತ್ತು. ಇಪ್ಪತ್ತೆಂಟು ವರ್ಷಗಳ ಹಿಂದೆ ಜರ್ಮನಿಗೆ ಹೊರಟುಹೋದ ಗೆಳೆಯ ವಾಲ್ಟರ್ ಅವನ ಕರೆಗೆ ಓಗೊಟ್ಟು ಅಂದು ಸಂಜೆ ಬರುವವನಿದ್ದ. ರಾತ್ರಿ ಒಂಬತ್ತಕ್ಕೆ ಅವನು ಮರಳಿ ಹೊರಡುವ ರೈಲು. ಹುಡುಗರಾಗಿದ್ದಾಗ ಇಬ್ಬರೂ ಆಡುತ್ತಿದ್ದ ಆಟದಲ್ಲಿ ಉರಿಯುವ ಗೋಪುರವೊಂದಿತ್ತು. ಅಗ್ನಿಶಾಮಕರಿಬ್ಬರು ಇಪ್ಪತ್ತು ಮಹಡಿ ಹತ್ತಬೇಕು. ಹತ್ತೊಂಬತ್ತನೆಯದಕ್ಕೆ ತಲುಪಿದ ದಿನವೇ ವಾಲ್ಟರನ ಮನೆಯವರು ಗಂಟುಮೂಟೆ ಕಟ್ಟಿದ್ದರು. ಆ ಒಂದು ಮಹಡಿ ದೋಸ್‌ಬೋಲನ ಎದೆಯಲ್ಲಿ ಹಲ್ಲಿಗೆ ಸಿಕ್ಕ ಮಾಂಸದ ಎಳೆಯಂತೆ ಅಂದಿನಿಂದ ಕುಳಿತುಬಿಟ್ಟಿತ್ತು.

"ಏನಪ್ಪಾ ಅದು ಹೊಸದು?" ಎನ್ನುತ್ತಾ ಮೇಲಿನ ಮನೆಯ ನಿವೃತ್ತ ಮೇಜರ್ ಝಾನಾಬೈ ಇಳಿದು ಬಂದರು.

"ಅಡಾಪ್ಟರ್, ಸಾಹೇಬ್ರೇ."

"ತೊಳೆದ್ಯಾ?"

ಹೊಸ ವಸ್ತುವನ್ನು ವೋಡ್ಕಾದಿಂದ ತೊಳೆಯದಿದ್ದರೆ ಅದು ಬಾಳುವುದಿಲ್ಲ ಎಂಬುದು ಮೇಜರರ ನಂಬಿಕೆ. ಬಡ್ತಿ ಸಿಕ್ಕಾಗಲೆಲ್ಲ ಅವರ ಹೆಗಲ ನಕ್ಷತ್ರಗಳು ವೋಡ್ಕಾ ಲೋಟದಲ್ಲಿ ಮುಳುಗಿಯೇ ಮೇಲೇರಿದ್ದವು. ದೋಸ್‌ಬೋಲ್ ಬೇಡ ಬೇಡ ಎನ್ನುವಷ್ಟರಲ್ಲಿ ಅವರು ತಮ್ಮ ಮನೆಗೆ ಕರೆದೊಯ್ದು ಲೋಟ ತುಂಬಿಸಿ, ಅಡಾಪ್ಟರನ್ನು ಬುಳುಕ್ಕನೆ ಬಿಟ್ಟೇಬಿಟ್ಟರು.

"ನೂರು ವರ್ಷ ಬಾಳಲಿ!" ಎಂದು ಹರಸಿದರು. ಅವರ ಮುಖದಲ್ಲಿದ್ದದ್ದು ಅಪ್ಪಟ ಅಕ್ಕರೆ. ಅದಕ್ಕೇ ದೋಸ್‌ಬೋಲನಿಗೆ ಬೈಯಲೂ ಆಗಲಿಲ್ಲ.

ಒದ್ದೆ ಅಡಾಪ್ಟರನ್ನು ಕರವಸ್ತ್ರದಲ್ಲಿ ಹಿಡಿದು ಅಳುಮೋರೆಯಲ್ಲಿ ಬಂದವನನ್ನು ಎದುರು ಮನೆಯ ಕುಲ್ಯಾಶ್ ಅಕ್ಕ ತಡೆದಳು. "ಆ ಮುದುಕನ ಕೈಗೆ ಕೊಟ್ಯಾ? ತಾ ಇಲ್ಲಿ. ಅಕ್ಕಿಯೊಳಗೆ ಹೂತಿಟ್ರೆ ತೇವ ಎಲ್ಲಾ ಎಳ್ಕೊಳ್ಳುತ್ತೆ. ನೀ ಹೋಗಿ ಮನೆ ಗುಡಿಸು ಕಂದಾ, ನೆಂಟ ಬರ್ತಾನೆ."

ನಾಲ್ಕು ಗಂಟೆಗೆ ಅವನು ಹೋಗಿ ನೋಡಿದರೆ ಅಕ್ಕಿ ಡಬ್ಬಿ ಖಾಲಿ. ಒಲೆಯ ಮೇಲೆ ದೊಡ್ಡ ಹಂಡೆ.

"ಅಕ್ಕಾ, ಅಕ್ಕಿ ಎಲ್ಲಿ?"

"ಪಲಾವಿಗೆ ಹಾಕ್ದೆ. ಅಷ್ಟು ದೂರದಿಂದ ಬರೋ ಹುಡುಗನಿಗೆ ನೀನು ಬ್ರೆಡ್ಡು ಕೊಟ್ಟು ಕಳಿಸ್ತೀಯ ಅಂತ ನಂಗೊತ್ತಿಲ್ವಾ?" ಎಂದವಳೇ ಕೆನ್ನೆಗೆ ಕೈಯಿಟ್ಟುಕೊಂಡಳು. "ಅಯ್ಯೋ!"

ದೋಸ್‌ಬೋಲ್ ಮುಚ್ಚಳಕ್ಕೆ ಕೈ ಚಾಚಿದ. ಸೌಟಿನ ಏಟು ಬಿತ್ತು.

"ಮುಟ್ಟಿದ್ರೆ ನೋಡು! ದಮ್ಮಿಗೆ ಬಿಟ್ಟ ಪಲಾವಿನ ಮುಚ್ಚಳ ತೆಗೀತಾರಾ ಯಾರಾದ್ರೂ? ನಲವತ್ತು ನಿಮಿಷ ಕೂತ್ಕೋ."

ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಕುಳಿತವನಂತೆ ಅವನು ಕುಳಿತ. ಮೇಜರರೂ ಬಂದು ತಪ್ಪಿತಸ್ಥನ ಮುಖದಲ್ಲಿ ಪಕ್ಕಕ್ಕೆ ಕೂತರು. ಮುಚ್ಚಳ ತೆರೆದಾಗ ಮೂವರೂ ಅನ್ನವನ್ನು ಕಾಳು ಕಾಳಾಗಿ ಕೆದಕಿದರು. ಕ್ಯಾರೆಟ್ ಸಿಕ್ಕಿತು, ಕುರಿಮಾಂಸ ಸಿಕ್ಕಿತು, ಇಡೀ ಬೆಳ್ಳುಳ್ಳಿ ಗಡ್ಡೆ ಸಿಕ್ಕಿತು, ಅಡಾಪ್ಟರ್ ಇಲ್ಲ.

"ಕರ್ರಗಿದ್ದದ್ದಾ?" ಕುಲ್ಯಾಶ್ ಅಕ್ಕ ನೆನಪಿಸಿಕೊಂಡಳು. "ಅಕ್ಕಿ ಆರಿಸ್ವಾಗ ಕಲ್ಲು ಅಂತ ತೆಗೆದು ಕಿಟಕೀಲಿಟ್ಟೆ. ಎಷ್ಟು ದೊಡ್ಡ ಕಲ್ಲು ಹಾಕಿ ಮಾರ್ತಾರೆ ಅಂತ ಅಂಗಡಿಯವನಿಗೆ ಬೈದೆ ಕೂಡ."

ಬಿಸಿಲಿಗೆ ಅದು ಗರಿಗರಿಯಾಗಿ ಒಣಗಿತ್ತು. ಸಿಕ್ಕಿಸಿದರೆ ಪೆಟ್ಟಿಗೆ ಹಾಡಿತು; ಟಿವಿಯಲ್ಲಿ ಗೋಪುರ ಉರಿಯಿತು. ದೋಸ್‌ಬೋಲನ ಕಣ್ಣು ತುಂಬಿಬಂತು.

ಆರಕ್ಕೆ ವಾಲ್ಟರ್ ಬಂದ. ಅಪ್ಪಿಕೊಂಡದ್ದಾಯಿತು, ಎರಡೆರಡು ಸಲ ಪಲಾವು ಬಡಿಸಿದ್ದಾಯಿತು. ಕೊನೆಗೆ ದೋಸ್‌ಬೋಲ್ ಕಂಟ್ರೋಲರ್ ನೀಡಿದ. ವಾಲ್ಟರ್ ಅದನ್ನು ಬಾಣಂತಿ ಮನೆಯಲ್ಲಿ ಕೂಸನ್ನು ಹಿಡಿದ ಗಂಡಸಿನಂತೆ ಹಿಡಿದುಕೊಂಡ.

"ಇದ್ರಲ್ಲಿ ಹಾರೋ ಗುಂಡಿ ಯಾವ್ದೋ?"

"ತಮಾಷೆ ಮಾಡ್ಬೇಡ! ಹತ್ತೊಂಬತ್ತು ಮಹಡಿ ಹತ್ತಿದವನು ನೀನು!"

"ನಾನೆಲ್ಲೋ ಹತ್ತಿದ್ದು? ನಿನ್ನ ಜೊತೆ ಆಡ್ತಿದ್ದವ್ನು ನನ್ನ ತಮ್ಮ ಅರ್ತೂರ್. ನಾನು ಟಿವಿ ಹಿಂದೆ ಆಂಟೆನಾ ಹಿಡ್ಕೊಂಡು ನಿಂತಿರ್ತಿದ್ದೆ. ಬಿಟ್ರೆ ಚಿತ್ರ ಹೋಗ್ತಿತ್ತಲ್ಲ! ಒಂದ್ಸಲಾನೂ ಕೈಗೆ ಕೊಡ್ಲಿಲ್ಲ ನೀವು."

ದೋಸ್‌ಬೋಲ್ ಮೆಲ್ಲನೆ ಅವನ ಹೆಬ್ಬೆರಳನ್ನು ಸರಿಯಾದ ಗುಂಡಿಯ ಮೇಲೆ ಕೂರಿಸಿದ. "ಇದು ಹಾರೋದು. ಬಾ, ಮೊದಲಿಂದ ಆಡೋಣ."

ಎಂಟೂಕಾಲಿನವರೆಗೆ ಹದಿನಾಲ್ಕು ಸಲ ಸತ್ತರು, ಹದಿನಾಲ್ಕು ಸಲವೂ ಎರಡನೇ ಮಹಡಿಯಲ್ಲೇ. ವಾಲ್ಟರ್ ಮಗುವಿನಂತೆ ನಕ್ಕ. ಮೇಜರ್ ಪ್ರತಿ ಸಾವಿಗೂ ಎದ್ದು ನಿಂತು ಗೌರವ ಸಲ್ಲಿಸಿದರು.

ಹೊರಡುವಾಗ ಕುಲ್ಯಾಶ್ ಅಕ್ಕ ದಾರಿಗೆಂದು ಪಲಾವಿನ ಡಬ್ಬಿ ಕಟ್ಟಿಕೊಟ್ಟಳು. ವಾಲ್ಟರ್ ಸಂಕೋಚದಿಂದ ತಲೆ ಕೆರೆದುಕೊಂಡ.

"ಅಕ್ಕಾ, ಇನ್ನೊಬ್ರಿಗಾಗುವಷ್ಟು ಹಾಕ್ತೀರಾ? ಅರ್ತೂರ್ ಮಧ್ಯಾಹ್ನದಿಂದ ಸ್ಟೇಷನ್ನಲ್ಲೇ ಕೂತಿದ್ದಾನೆ. ಬಾ ಅಂದ್ರೆ, 'ದೋಸ್ ಕರೆದಿದ್ದು ನಿನ್ನೊಬ್ಬನ್ನೇ' ಅಂತ ಮುನಿಸ್ಕೊಂಡ."