‘ಬರ್ರಿ’ ಅನ್ನದ ಓಣಿ

ನನ್ನ ಗಂಡ ಅಣ್ಣಿಗೇರಿಯ ಬಾಡಿಗೆ ಪುಸ್ತಕದಂಗಡಿಯಿಂದ ಆ ಕಾದಂಬರಿ ತಂದುಕೊಟ್ಟಾಗ, ಶಲವಡಿಯಲ್ಲಿ ಸಾಹಿತ್ಯಸೇವೆ ಮಾಡುವ ಯೋಗ ನನಗೆ ಕೂಡಿಬಂತೆಂದೇ ನಂಬಿದ್ದೆ. ನಮ್ಮ ಓಣಿಯ ಸೊಸೆಯಂದಿರಲ್ಲಿ ಮೆಟ್ರಿಕ್ ಪಾಸಾದವಳು ನಾನೊಬ್ಬಳೇ. ಆ ಹಮ್ಮು ನನಗೆ ಸಾಕಷ್ಟಿತ್ತು.

ಆಗ ಶ್ರಾವಣ. ನಾದಿನಿ ಶಾಂತಾಳನ್ನು ನೋಡಲು ಕುಂದಗೋಳದಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗನ ಫೋಟೋ ಮೊದಲೇ ಬಂದಿತ್ತು. ಶಾಂತಾ ಅದನ್ನು ದೇವರ ಮಾಡದ ಹಿಂದೆ ಇಟ್ಟುಕೊಂಡು, ದೀಪ ಹಚ್ಚುವ ನೆಪದಲ್ಲಿ ನೋಡಿ ಬರುತ್ತಿದ್ದಳು. ಹಿಂದೆ ಬಂದ ಸಂಬಂಧಗಳು ಒಂದೊಂದು ನೆಪಕ್ಕೆ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಹುಡುಗಿ ಎದೆಯೊಡೆದುಕೊಳ್ಳುತ್ತಾಳೆಂದು ಅತ್ತೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಧ್ಯಾಹ್ನ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂತು ಅವಳ ಮದುವೆಗೆಂದು ಕೌದಿ ಹೊಲಿಯುತ್ತಿದ್ದರು. ಅವರಿಗೆ ಬೇಸರವಾಗದಿರಲೆಂದು ನಾನು ಕಾದಂಬರಿ ಓದತೊಡಗಿದೆ. ದೂರದ ಊರೊಂದಕ್ಕೆ ರಕ್ತ ಕುಡಿಯುವ ದೆವ್ವ ಬರುತ್ತದೆ. ಅದು ಕಚ್ಚಿದವನೂ ದೆವ್ವ, ಅವನು ಕಚ್ಚಿದವನೂ ದೆವ್ವ. ಬೇನೆ ಹಬ್ಬಿದ ಹಾಗೆ ಓಣಿಗೆ ಓಣಿಯೇ ಖಾಲಿ! ಹೊತ್ತು ಮುಳುಗಿದ ಮೇಲೆ ಅವು ಸಭ್ಯಸ್ಥರ ಹಾಗೆ ಬಾಗಿಲಿಗೆ ಬಂದು ನಿಲ್ಲುತ್ತವೆ. ಒಳಗಿದ್ದವರು ಕರೆಯದೆ ಹೊಸ್ತಿಲು ದಾಟುವ ಹಾಗಿಲ್ಲ. ಬೆಳ್ಳುಳ್ಳಿ ಕಂಡರೆ ಹಿಂದೆ ಸರಿಯುತ್ತವೆ.

ನಾನು ಓದುತ್ತ ಹೋದಂತೆ ಸೂಜಿಗಳೆಲ್ಲ ನಿಂತುಬಿಟ್ಟವು. ಬಾಜೂ ಮನೆಯ ಗಂಗವ್ವಜ್ಜಿ ಕೌದಿಯನ್ನು ಎದೆಗೆ ಅವುಚಿಕೊಂಡಿದ್ದಳು.

“ಖರೇನಽ ಬರದಾನ ನೋಡವಾ ಅವ. ಪ್ಲೇಗು ಬಂದಾಗ ಹಿಂಗಽ ಆಗಿತ್ತು. ಇವತ್ತ ಬಾಜೂ ಮನಿ, ನಾಳೆ ನಮ್ಮನಿ. ಹೊಲದಾಗ ಗುಡಸಲಾ ಹಾಕ್ಕೊಂಡು ಕುಂತಿದ್ವಿ. ತಿರಗಿ ಬಂದಾಗ ಅರ್ಧಾ ಓಣಿ ಬಾಗಿಲಾ ತಗೀಲಿಲ್ಲ.”

ಅಕ್ಷರದಲ್ಲಿದ್ದ ಊರು ಎದ್ದುಬಂದು ನಮ್ಮ ಪಡಸಾಲೆಯಲ್ಲೇ ಕೂತ ಹಾಗಾಗಿ ನನಗೆ ಮೈ ಜುಮ್ಮೆಂದಿತು. ಒಂದು ಪುಸ್ತಕಕ್ಕೆ ಇಷ್ಟು ಶಕ್ತಿ ಇರುತ್ತದೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಅಂದೇ ಅತ್ತೆಯ ಅಪ್ಪಣೆ ಹೊರಟಿತು. “ಹೊತ್ತ ಮುಣಗಿದ ಮ್ಯಾಲೆ ಯಾರಿಗೂ ‘ಬರ್ರಿ’ ಅನಬ್ಯಾಡ್ರಿ.”

“ಅತ್ತೀ, ಇದು ಬರೇ ಕಥಿರಿ,” ಎಂದೆ.

“ಸುಳ್ಳಿದ್ರ ಅಚ್ಚ ಯಾಕ ಹಾಕತಿದ್ರು?”

ಮೆಟ್ರಿಕ್‌ನಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ನಮ್ಮ ಕಡೆ ಜಗಳವಾಡಿ ಮಾತು ಬಿಟ್ಟವನು ಬಾಗಿಲಿಗೆ ಬಂದರೂ ಮೊದಲು ‘ಬರ್ರಿ’ ಅನ್ನುತ್ತಾರೆ, ಸಿಟ್ಟು ಆಮೇಲೆ. ಅಂಥ ಓಣಿಯ ಬಾಯಿ ಸಂಜೆಯಾದೊಡನೆ ಕಟ್ಟಿಹೋಯಿತು. ಹೆಪ್ಪು ಕೇಳಲು ಬಂದವರು ಹೊಸ್ತಿಲ ಹೊರಗೆ, ಕೊಡುವವರು ಒಳಗೆ.

ಗಂಡಿನವರು ಸೋಮವಾರ ಮಧ್ಯಾಹ್ನವೇ ಬರಬೇಕಿತ್ತು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನನ್ನ ಗಂಡ ಎದುರುಗೊಳ್ಳಲು ಹೋಗಿ, ಅವರನ್ನು ಎರೆಮಣ್ಣಿನ ಕೆಸರಲ್ಲಿ ನಡೆಸಿಕೊಂಡು ಬರುವ ಹೊತ್ತಿಗೆ ಸರಿಯಾಗಿ ಹೊತ್ತು ಮುಳುಗಿತು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಹುಡುಗನ ಮುಖ ಸುಣ್ಣದ ಹಾಗೆ ಬೆಳ್ಳಗಿತ್ತು. ಅವನ ಸೋದರಮಾವನ ಬಾಯಿ ಎಲೆ ಅಡಿಕೆಯಿಂದ ಕೆಂಪಗೆ ಕೆಂಪು.

ಓಣಿಯ ಬಾಗಿಲು ಬಾಗಿಲಲ್ಲೂ ಹೆಂಗಸರು ನಿಂತರು. ಗಂಡಿನವರು ನಮ್ಮ ಹೊಸ್ತಿಲಿಗೆ ಬಂದು, ಕರೆಯಲಿ ಎಂದು ಕಾದರು. ನಾವು ಕರೆಯಲಿಲ್ಲ.

“ಯವ್ವಾ, ಬೀಗರು ಬಂದಾರ, ಕರಿ,” ಎಂದ ನನ್ನ ಗಂಡ.

“ನೀ ಸುಮ್ನಿರು. ದಾರ್ಯಾಗ ನಿನಗೂ ಕಚ್ಚಿರಬೇಕು,” ಎಂದ ಅತ್ತೆ, ಬೆಲ್ಲ ನೀರು ಕೊಡಬೇಕಾದ ಜಾಗದಲ್ಲಿ ಬೆಳ್ಳುಳ್ಳಿಯ ತಾಟು ಹಿಡಿದರು. “ಮೊದಲ ಒಂದ ಎಸಳ ಬಾಯಾಗ ಹಾಕ್ಕೊಳ್ರಿ.”

ಹುಡುಗನ ಮಾವ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ. “ಶ್ರಾವಣ ಸೋಮಾರ ಐತ್ರಿ ಇವತ್ತ. ನಾವು ಬೆಳ್ಳೊಳ್ಳಿ ಮುಟ್ಟೂದಿಲ್ಲ.”

ತಾಟು ಠಣ್ಣನೆ ಕೆಳಗೆ ಬಿತ್ತು. “ಹಿಂದಕ ಸರೀತು ನೋಡ್ರಿ,” ಎಂದು ಗಂಗವ್ವಜ್ಜಿ ಓಣಿಗೆಲ್ಲ ಕೇಳುವಂತೆ ಸಾರಿದಳು.

ಮಾವನ ಮುಖವೂ ಬಾಯಿಯಷ್ಟೇ ಕೆಂಪಾಯಿತು. “ಹೆಣ್ಣ ಕೊಡೂ ಮನಸಿಲ್ಲಂದ್ರ ಮದಲಽ ಹೇಳಬೇಕಿತ್ರಿ. ‘ಬರ್ರಿ’ ಅನ್ನದ ಮನ್ಯಾಗ ನಾವು ನೀರೂ ಕುಡಿಯೂದಿಲ್ಲ. ನಡಿಯೋ, ಹೋಗೂಣು.”

ಅವರು ತಿರುಗಿದರು. ಎಲ್ಲವನ್ನೂ ಶುರು ಮಾಡಿದ ನಾನು ಬಾಯಿ ತೆರೆಯಬೇಕಿತ್ತು. ನಾನು ಚೆಲ್ಲಿದ ಬೆಳ್ಳುಳ್ಳಿ ಆರಿಸತೊಡಗಿದೆ.

ಅಷ್ಟರಲ್ಲಿ ಒಳಗಿಂದ ಶಾಂತಾ ಬಂದಳು. ನೋಡಲು ಬಂದವರೆದುರು ಹೆಣ್ಣು ತಲೆಯೆತ್ತಬಾರದು. ಅವಳು ಎತ್ತಿದಳು. “ಮಾಮಾ, ಒಳಗ ಬರ್ರಿ.” ಆಮೇಲೆ ಹುಡುಗನ ಕಡೆ ನೋಡಿ, “ನೀವೂ ಬರ್ರಿ,” ಎಂದಳು.

ಅಷ್ಟು ಜನ ಹೆದರಿ ನಿಂತ ಜಾಗದಲ್ಲಿ, ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲದ ಆ ಹುಡುಗಿ ನಿಂತ ರೀತಿ ನೆನೆದರೆ ಈಗಲೂ ನನಗೆ ಕೈ ಮುಗಿಯಬೇಕೆನಿಸುತ್ತದೆ. ಹೊರಟಿದ್ದ ಮಾವ ನಿಂತ. ಚಪ್ಪಲಿ ಬಿಟ್ಟ. ಹೊಸ್ತಿಲು ದಾಟಿದ. ಯಾರಿಗೂ ಏನೂ ಆಗಲಿಲ್ಲ.

ಕಾರಣ ತಿಳಿದ ಮೇಲೆ ಆತ ನಕ್ಕ ರಭಸಕ್ಕೆ ಅಂಗಿಯ ಮೇಲೆಲ್ಲ ಎಲೆ ಅಡಿಕೆ ಸಿಡಿಯಿತು. “ಇಷ್ಟು ಧೈರ್ಯದಾಕಿ ನಮ್ಮನಿಗೆ ಬೇಕಽ ಬೇಕು,” ಎಂದ. ಅಲ್ಲೇ ಕೂತು ಮಾತು ಮುಗಿಸಿದರು.

ಅಡಿಗೆಮನೆಯಲ್ಲಿ ನಾನು ಶಾಂತಾಳ ಕೈ ಹಿಡಿದೆ. “ಎಲ್ಲಾರೂ ನಡುಗಾಕ ಹತ್ತಿದ್ವಿ. ನಿನಗೆಲ್ಲಿಂದ ಬಂತು ಧೈರ್ಯ?”

“ನಾ ಪುಸ್ತಕ ಪೂರಾ ಓದೇನಿ ವೈನಿ. ಕಡೀಕ ಅವೆಲ್ಲಾ ಸುಟ್ಟು ಹೋಗತಾವು, ಒಂದೂ ಉಳಿಯೂದಿಲ್ಲ. ಮತ್ತ ಕುಂದಗೋಳದಿಂದ ಹೆಂಗ ಬರತಾವು? ನೀವು ಕಡೀತನಕ ಓದಿಲ್ಲೇನು?”

“ಓದಬೇಕಂದ್ರ… ಪುಸ್ತಕ ನಿನಗೆಲ್ಲಿ ಸಿಕ್ತು?”

“ಬೆಳ್ಳೊಳ್ಳಿ ಬುಟ್ಯಾಗ. ದಿನಾ ಮಲಗೂ ಮುಂದ ನೀವಽ ಹುಗದಿಡತಿದ್ರಲ್ಲ.”

ನಾನು ಬಗ್ಗಿ ಒಲೆ ಊದತೊಡಗಿದೆ. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.