ಗುಣವಾದ ಪ್ರಕರಣದ ವಿಲೇವಾರಿ

ಕೈನಡುಕದ ಮಾತ್ರೆಗೆ ಹೆಸರಾದ ಆ ದೊಡ್ಡ ಔಷಧ ಕಂಪನಿಯ ದಾಖಲೆಗಳ ಪ್ರಕಾರ, ಕಳೆದ ಅರವತ್ತೊಂದು ವರ್ಷಗಳಲ್ಲಿ ಅದರ ಒಬ್ಬನೇ ಒಬ್ಬ ರೋಗಿಯೂ ಗುಣವಾಗಿರಲಿಲ್ಲ. ವಾರ್ಷಿಕ ವರದಿಯ ಎರಡನೇ ಪುಟದಲ್ಲಿ ಈ ಸಂಗತಿ ದಪ್ಪಕ್ಷರದಲ್ಲಿ ಅಚ್ಚಾಗುತ್ತಿತ್ತು: 'ನಮ್ಮನ್ನು ಒಮ್ಮೆ ನಂಬಿದವರು ಯಾರೂ ಬಿಟ್ಟು ಹೋಗಿಲ್ಲ.' ಕೆಲವರು ತೀರಿಹೋಗಿದ್ದರು, ನಿಜ. ಅದನ್ನು ಅವರ ವೈಯಕ್ತಿಕ ನಿರ್ಧಾರವೆಂದು ಪರಿಗಣಿಸಲಾಗಿತ್ತು.

ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ ದೂರು ವಿಭಾಗಕ್ಕೆ ಒಂದು ಕಾಗದ ಬಂತು. ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಒಂದು ಮೇಜು, ಮೂರು ರಬ್ಬರ್ ಮೊಹರು ಮತ್ತು ಇಪ್ಪತ್ತೇಳು ವರ್ಷದಿಂದ ಅಲ್ಲೇ ಕೂತಿದ್ದ ಒಬ್ಬ ಗುಮಾಸ್ತ. ಬಂದ ಕಾಗದದ ಮೂಲೆಯಲ್ಲಿ ಷರಾ ಬರೆಯುವುದೇ ಅವನ ಉದ್ಯೋಗವಾದ್ದರಿಂದ ಎಲ್ಲರೂ ಅವನನ್ನು ಷರಾ ಎಂದೇ ಕರೆಯುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ, ಯಾರ ಬಾಯಿಗೂ ಸಿಗದೆ ಕಳೆದರೆ ಸಾಕಪ್ಪಾ ಅನ್ನುವುದೊಂದೇ ಅವನ ಆಸೆ.

ಕಾಗದ ಹೀಗಿತ್ತು: 'ಮಾನ್ಯರೇ, ಹನ್ನೊಂದು ವರ್ಷದಿಂದ ನಿಮ್ಮ ಮಾತ್ರೆ ನುಂಗುತ್ತಿದ್ದೇನೆ. ಈ ತಿಂಗಳು ನಡುಕ ಪೂರ್ತಿ ನಿಂತಿದೆ. ನಿನ್ನೆ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದೆ. ನಿಮ್ಮ ಹೊಟ್ಟೆ ತಣ್ಣಗಿರಲಿ. ಈ ಕಾಗದ ಒಡೆಯುವವನು ನನ್ನ ತಮ್ಮನೇ. ಪಕ್ಕದ ಬೀದಿಯಲ್ಲಿದ್ದರೂ ಅವನಿಗೆ ಮನೆಗೆ ಬಂದು ನೋಡಲು ಪುರುಸೊತ್ತಿಲ್ಲ, ಅದಕ್ಕೇ ಕಂಪನಿ ವಿಳಾಸಕ್ಕೆ ಬರೆದಿದ್ದೇನೆ.'

ಷರಾನ ಕಣ್ಣಲ್ಲಿ ನೀರು ಬಂತು. ಅಪ್ಪ ಅಮ್ಮ ಹೋದ ಮೇಲೆ ಬಟ್ಟೆ ಹೊಲಿದು ಅವನನ್ನು ಓದಿಸಿದವಳು ಈ ಅಕ್ಕ. ಕೈ ನಡುಗಲು ಶುರುವಾದ ಮೇಲೆ ಹೊಲಿಗೆ ಬಿಟ್ಟು, ಬೇರೆಯವರು ಹೊಲಿದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಸಿಬ್ಬಂದಿಗೆ ಅಗ್ಗದಲ್ಲಿ ಸಿಗುವ ಮಾತ್ರೆಯನ್ನು ತಿಂಗಳು ತಿಂಗಳೂ ಯಾರ ಕೈಯಲ್ಲಾದರೂ ಅವಳಿಗೆ ಕಳಿಸಿಕೊಡುತ್ತಿದ್ದವನು ಅವನೇ. ಸಂತೋಷ ತಡೆಯಲಾರದೆ ಕಾಗದವನ್ನು ಇನ್ನೊಮ್ಮೆ ಓದಿದ. ಆಮೇಲೆ ಕಾಗದಕ್ಕೆ ನಮೂನೆ ಹಚ್ಚಬೇಕಲ್ಲ, ಹುಡುಕಿದ.

ನಿಯಮ ಹದಿನಾಲ್ಕು ಸ್ಪಷ್ಟವಾಗಿತ್ತು: 'ಪೊಟ್ಟಣದ ಮೇಲೆ ಮುದ್ರಿಸಿರದ ಯಾವುದೇ ಪರಿಣಾಮವು ಅಡ್ಡಪರಿಣಾಮವಾಗಿರತಕ್ಕದ್ದು.' ಪೊಟ್ಟಣದ ಮೇಲೆ 'ನಿತ್ಯ ಸೇವಿಸಿ' ಎಂದಿತ್ತೇ ಹೊರತು ಗುಣವಾಗುತ್ತದೆ ಎಂದು ಎಲ್ಲೂ ಇರಲಿಲ್ಲ. ಅಡ್ಡಪರಿಣಾಮದ ನಮೂನೆಯಲ್ಲಿ ಐದು ಕಲಂ: ವಾಂತಿ, ತುರಿಕೆ, ತಲೆಸುತ್ತು, ಮರಣ, ಇತರೆ. ಷರಾ ಬಹಳ ಹೊತ್ತು ಯೋಚಿಸಿ 'ಇತರೆ'ಯ ಮುಂದೆ 'ಗುಣ' ಎಂದು ಬರೆದು, ತುರ್ತು ಮೊಹರು ಒತ್ತಿ ಮೇಲಕ್ಕೆ ಕಳಿಸಿದ.

ಅರ್ಧ ಗಂಟೆಯಲ್ಲಿ ಗುಣಮಟ್ಟ ವಿಭಾಗದ ಮ್ಯಾನೇಜರ್ ಮೆಟ್ಟಿಲಿಳಿದು ಬಂದ. ಇಪ್ಪತ್ತೇಳು ವರ್ಷದಲ್ಲಿ ಆ ಕೋಣೆಗೆ ಮ್ಯಾನೇಜರೊಬ್ಬ ಕಾಲಿಟ್ಟದ್ದು ಅದೇ ಮೊದಲು.

"ಷರಾ ಅವರೇ, ಇದು ಯಾರಾದ್ರೂ ಹೊಟ್ಟೆಕಿಚ್ಚಿಗೆ ಬರೆದದ್ದಾ?"

"ಇಲ್ಲ ಸಾರ್. ನಮ್ಮಕ್ಕ."

"ನಿಮ್ಮ ಮನೆಯವರಿಂದಲೇ ಹೀಗಾದ್ರೆ ಹೊರಗಿನವರಿಗೆ ಏನು ಹೇಳೋಣ?" ಎಂದು ಮ್ಯಾನೇಜರ್ ನೊಂದುಕೊಂಡ.

ವಿಚಾರಣೆ ಮಾರನೆಯ ದಿನವೇ ನಡೆಯಿತು. ಅದರ ವರದಿ ಅರ್ಥವಾಗಬೇಕಾದರೆ ಕಂಪನಿಯ ಇತಿಹಾಸ ಸ್ವಲ್ಪ ಗೊತ್ತಿರಬೇಕು. ನೂರು ವರ್ಷದ ಕೆಳಗೆ ಸಂಸ್ಥಾಪಕ ಯಜಮಾನರು ಒಂದು ಸಣ್ಣ ಅಂಗಡಿಯಲ್ಲಿ ಈ ಔಷಧಿಯನ್ನು ತಮ್ಮ ಚಿಟಿಕೆಯಿಂದಲೇ ಅಳೆದು ಬೆರೆಸುತ್ತಿದ್ದರು. ಆಗ ಅವರು ತರುಣರು, ಬೆರಳು ದಪ್ಪ, ಚಿಟಿಕೆ ಧಾರಾಳ. ಬಂದವರೆಲ್ಲ ಎರಡು ತಿಂಗಳಲ್ಲಿ ಗುಣವಾಗಿ, ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅಂಗಡಿ ನೊಣ ಹೊಡೆಯುತ್ತಿತ್ತು. ವಯಸ್ಸಾದಂತೆ ಯಜಮಾನರ ಬೆರಳು ಸೊಟ್ಟಗಾಗಿ ಚಿಟಿಕೆಯಲ್ಲಿ ಏನೂ ನಿಲ್ಲದಾಯಿತು. ಅಲ್ಲಿಂದ ರೋಗಿಗಳು ಪೂರ್ತಿ ಗುಣವೂ ಆಗದೆ, ಪೂರ್ತಿ ಹದಗೆಡದೆ, ತಿಂಗಳು ತಿಂಗಳೂ ತಪ್ಪದೆ ಬರತೊಡಗಿದರು. ಇದನ್ನು ಶತಮಾನೋತ್ಸವದ ಗ್ರಂಥದಲ್ಲಿ 'ಯಜಮಾನರ ಅನುಭವ ಮಾಗಿದಂತೆ ಸಂಸ್ಥೆ ಬೆಳೆಯಿತು' ಎಂದು ಬರೆಯಲಾಗಿದೆ. ಅವರ ಕೊನೆಯ ವರ್ಷದ ಚಿಟಿಕೆಯನ್ನು ಅಳೆದು ಒಂದು ಬೆಳ್ಳಿ ಚಮಚ ಮಾಡಿಸಿದರು. ಒಂದು ಹಂಡೆಗೆ ಒಂದು ಚಮಚ, ಮೂರು ಗ್ರಾಂ. ಅರವತ್ತೊಂದು ವರ್ಷ ಅದೇ ನಡೆದುಬಂದಿತ್ತು.

ಆದರೆ ಎರಡು ತಿಂಗಳ ಹಿಂದೆ ಅದೇ ಗ್ರಂಥಕ್ಕೆ ಫೋಟೋ ತೆಗೆಸಲೆಂದು ಚಮಚವನ್ನು ಒಂದು ದಿನದ ಮಟ್ಟಿಗೆ ಸ್ಟುಡಿಯೋಗೆ ಒಯ್ದಿದ್ದರು. ಆ ದಿನ ತೂಕದ ಕೋಣೆಯಲ್ಲಿ ಹೊಸದಾಗಿ ಸೇರಿದ ಒಬ್ಬ ಹೆಂಗಸು ಕೆಲಸಕ್ಕಿದ್ದಳು.

"ಚಮಚ ಇರಲಿಲ್ಲ, ಸರಿ. ಮತ್ತೆ ಎಷ್ಟು ಹಾಕಿದ್ರಿ?" ಎಂದು ಮ್ಯಾನೇಜರ್ ಕೇಳಿದ.

"ಹನ್ನೆರಡು ಗ್ರಾಂ ಸಾರ್. ಯಜಮಾನರು ಕೈಯಾರೆ ಬರೆದ ಚೀಟಿ ಗೋಡೆ ಮೇಲೆ ಕಟ್ಟು ಹಾಕಿ ಇಟ್ಟಿದ್ದೀರಲ್ಲ, ಅದರಲ್ಲಿತ್ತು."

"ಅದನ್ನ ಓದಿ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ ಸಾರ್. ಕಣ್ಣೆದುರಿಗೇ ಇತ್ತು."

"ಅದು ಭಕ್ತಿಯಿಂದ ನೋಡೋಕಮ್ಮಾ, ಓದೋಕಲ್ಲ!"

ವಿಚಾರಣೆಯ ತೀರ್ಮಾನಗಳು ಮೂರು. ಹೆಂಗಸನ್ನು ಓದಲು ಏನೂ ಇಲ್ಲದ ಉಗ್ರಾಣಕ್ಕೆ ವರ್ಗಾಯಿಸತಕ್ಕದ್ದು. ಚೀಟಿಯ ಕೆಳಗೆ 'ಓದಬಾರದು' ಎಂಬ ಫಲಕ ಹಾಕತಕ್ಕದ್ದು. ಆ ಹಂಡೆಯ ಮಾತ್ರೆಗಳನ್ನೆಲ್ಲ ಹಿಂದಕ್ಕೆ ಪಡೆಯತಕ್ಕದ್ದು. ಅಂಗಡಿಗಳಿಗೆ ಹೋದ ಸುತ್ತೋಲೆಯಲ್ಲಿ 'ಸದರಿ ಮಾತ್ರೆಗಳಲ್ಲಿ ಔಷಧದ ಅಂಶ ಪತ್ತೆಯಾಗಿರುವುದರಿಂದ ಮಾರಾಟ ನಿಲ್ಲಿಸಲಾಗಿದೆ' ಎಂದು ವಿಷಾದ ವ್ಯಕ್ತಪಡಿಸಲಾಗಿತ್ತು. ಅಂಗಡಿಯವರು ಗಾಬರಿಯಾಗಿ, ಇನ್ನೂ ಮಾರಾಟಕ್ಕಿಡದ ಆ ಪೊಟ್ಟಣಗಳನ್ನೆಲ್ಲ ಕಟ್ಟಿ ಕಳಿಸಿದರು. ಸಿಬ್ಬಂದಿಯ ಪಾಲು ಮಾತ್ರ ಮೊದಲೇ ಹೊರಬಿದ್ದಿದ್ದರಿಂದ, ಅದನ್ನು ತಿಂದವಳು ಷರಾನ ಅಕ್ಕ ಒಬ್ಬಳೇ. ಅವಳ ಹತ್ತಿರ ಇನ್ನೂ ಒಂದು ತಿಂಗಳಿಗಾಗುವಷ್ಟು ಮಾತ್ರೆ ಇತ್ತು.

"ಅವನ್ನೂ ತಿಂದ್ರೆ ಶಾಶ್ವತ ಗುಣ," ಎಂದು ಕಂಪನಿಯ ವೈದ್ಯ ತಲೆಯಾಡಿಸಿದ. "ಈಗ ನಿಲ್ಲಿಸಿದ್ರೆ ಇನ್ನೂ ಆಸೆ ಇದೆ. ಮೂರು ವಾರದಲ್ಲಿ ನಡುಕ ತಾನಾಗೇ ವಾಪಸ್ ಬರುತ್ತೆ."

ಮ್ಯಾನೇಜರ್ ಷರಾನ ಹೆಗಲ ಮೇಲೆ ಕೈಯಿಟ್ಟ. "ನಾಳೆ ಸಂಜೆ ಒಳಗೆ ಮಾತ್ರೆ ತನ್ನಿ. ಅಕ್ಕನ್ನೂ ಕರ್ಕೊಂಡು ಬನ್ನಿ, ಗುಣವಾಗಿಲ್ಲ ಅಂತ ಒಂದು ಹೇಳಿಕೆ ಬೇಕು. ಇಲ್ದಿದ್ರೆ ಸಿಬ್ಬಂದಿ ಮಾತ್ರೆ ದುರುಪಯೋಗ ಅಂತ ನಿಮ್ಮ ಮೇಲೇ ಬರುತ್ತೆ. ಎರಡೇ ವರ್ಷ ಅಲ್ವಾ ಉಳಿದಿರೋದು? ಯೋಚನೆ ಮಾಡಿ."

ಅವತ್ತು ಸಂಜೆ ಷರಾ ಮನೆಗೆ ಹೋದಾಗ ಅಕ್ಕ ಕಿಟಕಿಯ ಹತ್ತಿರ ಕೂತು ಅಂಗಿಗೆ ಕಾಜಾ ಹಾಕುತ್ತಿದ್ದಳು.

"ಬಾರೋ ದೊಡ್ಡ ಮನುಷ್ಯ! ಕಾಗದ ಹಾಕಿದ್ರೇನೇ ಬರೋದು ನೀನು. ನೋಡಿಲ್ಲಿ, ಈ ಕಾಜಾ ನೋಡು! ಒಂದು ದಾರ ಆಚೀಚೆ ಆಗಿದ್ರೆ ಕೇಳು!"

ಅವನು ನೋಡಿದ. ಒಂದು ದಾರವೂ ಆಚೀಚೆ ಆಗಿರಲಿಲ್ಲ.

"ಅಕ್ಕ, ಉಳಿದ ಮಾತ್ರೆ ವಾಪಸ್ ಕೊಡಬೇಕಂತೆ."

"ಅಯ್ಯೋ, ಯಾಕೋ? ಅದರಲ್ಲಿ ವಿಷಗಿಷ ಏನಾದ್ರೂ ಸೇರಿದೆಯಾ?"

"ಇಲ್ಲಕ್ಕ. ಔಷಧಿ ಸೇರಿದೆ."

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವನನ್ನೇ ನೋಡಿದಳು. ಅವನು ತಲೆತಗ್ಗಿಸಿ ಮೊದಲಿಂದ ಕೊನೆಯವರೆಗೂ ಹೇಳಿದ. ಮೂರು ವಾರದ ಮಾತನ್ನೂ ಮುಚ್ಚಿಡಲಿಲ್ಲ.

"ಕೊಡದಿದ್ರೆ?"

"ನನ್ನ ಕೆಲಸ ಹೋಗುತ್ತೆ."

"ಹಾಳಾಗ್ಲಿ ಅವರ ವಂಶ," ಎಂದಳು ಅಕ್ಕ. ಸ್ವಲ್ಪ ಹೊತ್ತು ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಎದ್ದು ಹೋಗಿ ಡಬ್ಬಿಯಿಂದ ಮಾತ್ರೆ ತಂದು ಅವನ ಅಂಗೈ ಮೇಲಿಟ್ಟಳು. "ತಗೋ. ಹೊಲಿಗೆ ಬಿಟ್ಟು ಹನ್ನೊಂದು ವರ್ಷ ಬದುಕಿಲ್ವಾ? ನೀನು ಈ ವಯಸ್ಸಲ್ಲಿ ಬೀದಿಗೆ ಬಿದ್ರೆ ನಾನು ನೋಡ್ತಾ ಇರೋಕಾಗುತ್ತಾ?"

ಬೇಡ ಅಕ್ಕ, ನೀನೇ ತಿನ್ನು, ಕೆಲಸ ಹೋದರೆ ಹೋಗಲಿ ಎನ್ನಲು ಷರಾ ಬಾಯಿ ತೆರೆದ. ಇಪ್ಪತ್ತೇಳು ವರ್ಷದ ಅಭ್ಯಾಸ ನೋಡಿ, ಬಾಯಿಂದ ಬಂದದ್ದು ಬೇರೆ.

"ರಸೀದಿ ಬೇಕಾ ಅಕ್ಕ?"

ಮರುದಿನ ಸಂಜೆ ಇಬ್ಬರೂ ಮ್ಯಾನೇಜರ್ ಕೋಣೆಯಲ್ಲಿದ್ದರು. ಮಾತ್ರೆಗಳನ್ನು ಎಣಿಸಿ, ನಾಲ್ವರು ಸಾಕ್ಷಿಗಳ ಎದುರು ಪುಡಿಮಾಡಿ ನೀರಿಗೆ ಬಿಟ್ಟರು. ನಂತರ ಹೇಳಿಕೆಯನ್ನು ಗಟ್ಟಿಯಾಗಿ ಓದಲಾಯಿತು: 'ನನಗೆ ಯಾವುದೇ ರೀತಿಯ ಗುಣ ಕಂಡುಬಂದಿರುವುದಿಲ್ಲ. ನನ್ನ ಕೈಗೆ ಪೆನ್ನು ಹಿಡಿಯಲು ಸಾಧ್ಯವಿರುವುದಿಲ್ಲ ಎಂದು ಸಹಿ ಮಾಡಿರುತ್ತೇನೆ.' ಅಕ್ಕ ಪೆನ್ನು ಹಿಡಿದು ಮುತ್ತು ಪೋಣಿಸಿದಂತೆ ಸಹಿ ಮಾಡಿದಳು.

ಮ್ಯಾನೇಜರ್ ಹಳೆಯ ಕಡತ ತೆಗೆದು ಹೋಲಿಸಿ ಹುಬ್ಬು ಗಂಟಿಕ್ಕಿದ. "ಇದು ನಡೆಯಲ್ಲಮ್ಮ. ನಮ್ಮಲ್ಲಿರೋ ಸಹಿ ಸೊಟ್ಟಪಟ್ಟ ಇದೆ. ಹಾಗೇ ಹಾಕಿ."

ಅಕ್ಕ ಪ್ರಯತ್ನಪಟ್ಟಳು. ಎರಡನೆಯದು ಮೊದಲಿಗಿಂತ ಚೆನ್ನಾಗಿ ಬಂತು. "ಅಯ್ಯೋ ಶಿವನೇ, ಹೆಂಗೆ ನಡುಗ್ತಿದ್ದೆ ಅನ್ನೋದೇ ಮರೆತುಹೋಯ್ತಲ್ಲೋ," ಎಂದು ತಮ್ಮನ ಕಡೆ ತಿರುಗಿದಳು.

"ಮೂರು ವಾರ ಬಿಟ್ಟು ಬಂದು ಹಾಕಬಹುದಾ ಸಾರ್?" ಎಂದು ಷರಾ ಕೇಳಿದ.

"ವರದಿ ಇವತ್ತೇ ಹೋಗಬೇಕು. ನೀವು ಅಕ್ಕನ ನಡುಕ ನೋಡಿದವರಲ್ವಾ, ಸ್ವಲ್ಪ ಸಹಾಯ ಮಾಡಿ."

ಷರಾ ಅಕ್ಕನ ಮಣಿಕಟ್ಟು ಹಿಡಿದ. ಚಿಕ್ಕವನಿದ್ದಾಗ ಅವನ ಕೈ ಹಿಡಿದು ಅಕ್ಷರ ತಿದ್ದಿಸಿದ ಕೈ ಅದು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆದರೂ ಹಿಡಿದು ಅಲ್ಲಾಡಿಸಿದ. ಅಕ್ಷರಗಳು ಕಾಗದದ ಮೇಲೆ ಎದ್ದು ಬಿದ್ದು ಸಾಗಿದವು.

"ಆಹಾ, ಇದೇ! ಇದೇ ನೋಡಿ!" ಎಂದು ಮ್ಯಾನೇಜರ್ ಎದ್ದೇ ನಿಂತ.

"ಇನ್ನು ಬಿಡೋ," ಎಂದಳು ಅಕ್ಕ.

ಷರಾ ಬಿಟ್ಟ. ಅಕ್ಕನ ಕೈ ತಕ್ಷಣ ನಿಂತಿತು. ಅವನ ಕೈ ನಿಲ್ಲಲಿಲ್ಲ. ಎಡಗೈಯಿಂದ ಹಿಡಿದುಕೊಂಡ, ಎಡಗೈಯೂ ನಡುಗಿತು. ಮೇಜಿನ ಕೆಳಗೆ ಇಟ್ಟುಕೊಂಡ, ಮೇಜು ಕಟಕಟ ಅಂದಿತು. ಅಕ್ಕ ಅಯ್ಯೋ ಎನ್ನುತ್ತಾ ಅವನ ಎರಡೂ ಕೈಯನ್ನು ತನ್ನ ಕೈಯೊಳಗೆ ಅದುಮಿ ಹಿಡಿದಳು.

ಮ್ಯಾನೇಜರ್‌ನ ಮುಖ ಅರಳಿತು. ಡ್ರಾಯರಿನಿಂದ ಹೊಸ ರೋಗಿಯ ನೋಂದಣಿ ನಮೂನೆ ತೆಗೆದು, ತಾನೇ ತುಂಬಿ, ಷರಾನ ಮುಂದೆ ಸರಿಸಿದ. "ಒಬ್ಬರನ್ನ ಕಳ್ಕೊಂಡ್ವಿ ಅಂತಿದ್ದೆ, ಇಬ್ಬರಾದ್ರು. ನಿವೃತ್ತಿ ಆದ್ಮೇಲೂ ಸಂಸ್ಥೆ ನಿಮ್ಮನ್ನ ಬಿಡಲ್ಲ ಷರಾ ಅವರೇ." ವೈದ್ಯ ಬಂದು ಕೈಕುಲುಕಿದ. ಸಾಕ್ಷಿಗಳು ಚಪ್ಪಾಳೆ ತಟ್ಟಿದರು.

ಷರಾ ಪೆನ್ನು ತೆಗೆದುಕೊಂಡ. ಅವನ ಸಹಿ ಒಂದೇ ಸಲಕ್ಕೆ ಅಂಗೀಕಾರವಾಯಿತು.