ಒಂಬತ್ತನೇ ಗೆರೆ

ಗುಮಾಸ್ತರಿಗೆ ಊರಸೇವೆಯ ಹುಚ್ಚೇನೂ ಇರಲಿಲ್ಲ. ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಹಟ ಹಿಡಿದು ಅವರ ಫೋನಿಗೆ ಪ್ರವಾಹದ ಆ್ಯಪ್ ಹಾಕಿಸಿದ್ದರು. ಕೆಲಸ ಇಷ್ಟೇ: ದಿನಾ ಬೆಳಿಗ್ಗೆ ಏಳಕ್ಕೆ ಸೇತುವೆಗೆ ಹೋಗಿ, ಕಂಬದ ಮೇಲಿನ ಎಷ್ಟನೇ ಗೆರೆಗೆ ನೀರು ಬಂದಿದೆಯೆಂದು ಫೋಟೊ ತೆಗೆದು ಕಳಿಸಬೇಕು. ಒಂಬತ್ತನೇ ಗೆರೆ ಮುಟ್ಟಿದರೆ ಬೀದಿಯ ಫೋನುಗಳೆಲ್ಲ ಒಟ್ಟಿಗೆ ಅರಚುತ್ತವೆ.

ಮೊದಲ ವಾರ ಗುಮಾಸ್ತರು ಹೋದರು. ಎರಡನೇ ವಾರ ಜ್ಞಾನೋದಯವಾಯಿತು. ನಿನ್ನೆಯ ಹೊಳೆಗೂ ಇವತ್ತಿನ ಹೊಳೆಗೂ ಏನು ವ್ಯತ್ಯಾಸ? ಹೆಂಡತಿ ಹಾಲು ತರಲು ಹೋದ ಹೊತ್ತು ನೋಡಿ, ಹಾಸಿಗೆಯಿಂದಲೇ ಒಂದು ಹಳೆಯ ಫೋಟೊ ಕಳಿಸಿ ಮಗ್ಗಲು ಬದಲಿಸತೊಡಗಿದರು.

ಹೀಗೇ ಒಂದು ತಿಂಗಳು ನಡೆಯಿತು. ಆ ಭಾನುವಾರ ಜಿಟಿಜಿಟಿ ಮಳೆ. ಕನ್ನಡಕ ಹುಡುಕಲೂ ಸೋಮಾರಿತನ. ಕಣ್ಣು ಕಿರಿದು ಮಾಡಿ ಒಂದು ಫೋಟೊ ಒತ್ತಿದರು. ಅದು ಹೋದ ವರ್ಷದ ನೆರೆಯದು.

ಬೀದಿಗೆ ಬೀದಿಯೇ ಅರಚಿತು.

"ಗುಮಾಸ್ತರೇ!" ಮೇಷ್ಟ್ರು ಬನಿಯನ್ನಿನಲ್ಲೇ ಇಳಿದು ಬಂದರು. "ಒಂಬತ್ತನೇ ಗೆರೆಯಂತೆ! ಕಣ್ಣಾರೆ ನೋಡಿದೋರು ನೀವು. ಹೇಗಿದೆ ಹೊಳೆ?"

ನಿಜ ಹೇಳಿದರೆ ತಿಂಗಳ ಸುಳ್ಳೆಲ್ಲ ಬಯಲಾಗುತ್ತದೆ. "ಕೆಂಪಗಿದೆ ಸಾರ್," ಎಂದರು ಗುಮಾಸ್ತರು.

"ಒಂದ್ಸಲ ಹೋಗಿ ನೋಡ್ಕೊಂಡು ಬರೋಣ್ವಾ?" ಎಂದ ಬೇಕರಿಯವನು.

"ಹೊಳೇನೇ ಮನೆಗೆ ಬರ್ತಿರುವಾಗ ನಾವ್ಯಾಕಯ್ಯ ಹೋಗಿ ನೋಡೋದು?" ಮೇಷ್ಟ್ರು ಗದರಿದರು. "ಎಲ್ಲಾ ಸಾಮಾನು ನಮ್ಮನೆಗೆ ಹೊತ್ತು ಹಾಕಿ!"

"ಅಣ್ಣಾ, ಎಚ್ಚರಿಸಿದೋರು ನೀವೇ. ಹೊಲಿಗೆ ಮೆಷಿನ್‌ಗೂ ಸ್ವಲ್ಪ ಕೈ ಹಾಕಿ," ಎಂದಳು ಪಕ್ಕದ ಮನೆಯ ಟೈಲರಮ್ಮ. ತಪ್ಪು ಮಾಡಿದವನಿಗೆ ಒಲ್ಲೆ ಅನ್ನುವ ಬಾಯಿ ಎಲ್ಲಿರುತ್ತದೆ? ಎರಡು ಮೆಷಿನ್, ಬೇಕರಿಯವನ ಹನ್ನೊಂದು ಹಿಟ್ಟಿನ ಮೂಟೆ, ಯಾರದೋ ಕಬ್ಬಿಣದ ಬೀರು. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತರ ಸೊಂಟ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು.

"ರೀ, ಊರವರದೆಲ್ಲ ಆಯ್ತು. ನಮ್ಮ ಸೋಫಾ?" ಹೆಂಡತಿ ಕೇಳಿದಳು. ಆರು ವರ್ಷದ ಜಗಳದ ಫಲ ಆ ಸೋಫಾ. ಬಂದು ಹತ್ತು ದಿನವಾದರೂ ಆಕೆ ಅದರ ಮೇಲೆ ಯಾರನ್ನೂ ಕೂರಲು ಬಿಟ್ಟಿರಲಿಲ್ಲ.

"ಸುಮ್ನಿರೇ. ನೀರೂ ಬರಲ್ಲ, ಗೀರೂ ಬರಲ್ಲ."

"ಫೋಟೊ ಕಳಿಸಿದೋರು ನೀವೇ ಅಲ್ವಾ?"

"ಅದಕ್ಕೇ ಹೇಳ್ತಿರೋದು, ನಂಗೆ ಗೊತ್ತು!"

ಮೇಷ್ಟ್ರ ಮನೆಯಲ್ಲಿ, ತಾವೇ ಹೊತ್ತ ಹಿಟ್ಟಿನ ಮೂಟೆಗೆ ಒರಗಿ ಗುಮಾಸ್ತರು ನಿದ್ದೆಹೋದರು. ಮೂರು ಗಂಟೆಗೆ ಕೂಗು ಕೇಳಿ ಎದ್ದರು. ಮೇಲೆ ಗುಡ್ಡದಲ್ಲಿ ರಾತ್ರಿಯಿಡೀ ಸುರಿದು, ಹೊಳೆ ಬೆಳಗಿನಿಂದಲೇ ಏರುತ್ತಿತ್ತಂತೆ. ಹೋಗಿ ನೋಡಿದವರಿಗೆ ತಾನೇ ಗೊತ್ತಾಗುವುದು? ಕೆಂಪು ನೀರು ಬೀದಿಗೆ ಬಂತು, ಕೆಳಗಿನ ಮನೆಗಳಿಗೆ ನುಗ್ಗಿತು. ಒಂದನ್ನು ಬಿಟ್ಟು ಮಿಕ್ಕೆಲ್ಲ ಮನೆಗಳೂ ಖಾಲಿಯಿದ್ದವು.

ಆ ಒಂದು ಮನೆಯ ಬಾಗಿಲು ದೂಡಿಕೊಂಡು ಸೋಫಾ ತೇಲುತ್ತ ಹೊರಗೆ ಬಂತು. ಬೀದಿನಾಯಿಯೊಂದು ಅದನ್ನು ಹತ್ತಿ, ಮಾಲೀಕನ ಗತ್ತಿನಲ್ಲಿ ಕೂತಿತು.

ಮೇಷ್ಟ್ರ ಕಣ್ಣು ತುಂಬಿತು. "ಎಂಥಾ ಮನುಷ್ಯ ಕಣ್ರೀ! ನಮ್ಮದೆಲ್ಲ ಉಳಿಸಿ ತನ್ನದನ್ನ ನೀರಿಗೆ ಬಿಟ್ಟ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಗುಮಾಸ್ತರು ಇಂಗು ತಿಂದ ಮಂಗನಂತೆ ನಿಂತರು. ಹೆಂಡತಿ ಮಾತ್ರ ತಟ್ಟಲಿಲ್ಲ. ಬೆಳಿಗ್ಗೆ ಆ ಮಳೆಯಲ್ಲೂ ಗಂಡನ ಚಪ್ಪಲಿ ಒಣಗಿಯೇ ಇದ್ದದ್ದು ಆಕೆಗೆ ಈಗ ನೆನಪಾಯಿತು.

ಆಗಲೇ ಪ್ರವಾಹ ಕಚೇರಿಯಿಂದ ಫೋನ್. "ಸಾರ್, ನೀರು ಬರೋಕೆ ಎಂಟು ಗಂಟೆ ಮುಂಚೇನೇ ಹೇಳಿಬಿಟ್ರಲ್ಲ! ಹೇಗೆ ಮಾಡ್ತೀರಿ ಅಂತ ಕಲಿಯೋಕೆ ನಮ್ಮವರು ನಾಳೆಯಿಂದ ದಿನಾ ಬರ್ತಾರೆ. ಬೆಳಿಗ್ಗೆ ಐದಕ್ಕೆ ಸೇತುವೆ ಹತ್ರ ಇರ್ತೀರಾ?"

ಗುಮಾಸ್ತರು ಬಾಯಿ ತೆರೆಯುವ ಮೊದಲೇ ಹೆಂಡತಿ ಫೋನ್ ಕಿತ್ತುಕೊಂಡಳು.

"ಖಂಡಿತಾ ಇರ್ತಾರೆ ಸಾರ್. ಮಲಗ್ತೀನಿ ಅಂದ್ರೂ ಮನೇಲಿ ಒಣಗಿದ ಹಾಸಿಗೆ ಒಂದೂ ಇಲ್ಲ."